ಬಚ್ಚಲಲ್ಲಿ ತೊಳೆದ ಅಜ್ಜನ ಫೋಟೊ

ನಮ್ಮೂರ ಮನೆಯ ನಡುಮನೆ ಗೋಡೆಯಲ್ಲಿ ಎರಡು ಫೋಟೊ ಅಕ್ಕಪಕ್ಕ ಇವೆ. ಒಂದು ಅಜ್ಜಿಯದು. 1978ರಲ್ಲಿ ಶಿವಮೊಗ್ಗದ ಸ್ಟುಡಿಯೊ ಒಂದರಲ್ಲಿ ತೆಗೆಸಿದ್ದು, ಕಪ್ಪುಬಿಳುಪು. ನಾನು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದರಿಂದ ನನ್ನ ಪಾಲಿಗೆ ಅಜ್ಜಿ ಅಂದರೆ ಆ ಫೋಟೊನೇ. ಇನ್ನೊಂದು ಅಜ್ಜನದು. ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗ ಹದಿಮೂರನೇ ದಿನಕ್ಕೆ ಬೇಕು ಅಂತ ತರಾತುರಿಯಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಕಲರ್ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದ್ದು.

ಕಳೆದ ದೀಪಾವಳಿಗೆ ಹೋದಾಗ ಧೂಳು ಒರೆಸುತ್ತಾ ನಿಂತಿದ್ದ ಅಪ್ಪ ಹೇಳಿದರು: "ಅಮ್ಮನ ಫೋಟೊ ನಲವತ್ತು ವರ್ಷದಿಂದ ಇಲ್ಲೇ ಇದೆ, ಹಾಗೇ ಇದೆ. ಅಪ್ಪಯ್ಯಂದು ನಾಲ್ಕು ಮಳೆಗಾಲ ತಡೀಲಿಲ್ಲ ನೋಡು."

ನೋಡಿದೆ. ಅಜ್ಜನ ಮುಖ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಿಳಿ ಅಂಗಿ ಎಲ್ಲಿ ಮುಗಿದು ಹಿಂದಿನ ಗೋಡೆ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗ್ತಿರಲಿಲ್ಲ. ಪಕ್ಕದಲ್ಲಿ ಅಜ್ಜಿ, ಮೂಗುಬೊಟ್ಟಿನ ಹೊಳಪಿನ ಸಮೇತ, ನಿನ್ನೆ ತೆಗೆಸಿದ ಹಾಗೆ.

"ಇನ್ನೊಂದು ಪ್ರಿಂಟ್ ಹಾಕಿಸಿದ್ರಾಯ್ತು ಬಿಡಿ" ಅಂದೆ. ಅಪ್ಪ ಏನೂ ಹೇಳಲಿಲ್ಲ. ಆ ಮೌನ ಬಸ್ಸಲ್ಲಿ ಬೆಂಗಳೂರಿನ ತನಕ ನನ್ನ ಜೊತೆ ಬಂತು.

ವ್ಯತ್ಯಾಸ ಇರೋದು ಸಾಮಗ್ರಿಯಲ್ಲಿ. ಅಜ್ಜಿಯ ಫೋಟೊದಲ್ಲಿ ಶಾಯಿಯೇ ಇಲ್ಲ. ಕಾಗದದ ಮೇಲೆ ಜಿಲೆಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಕಣಗಳು. ಬೆಳಕು ಬಿದ್ದ ಕಣ ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಶುದ್ಧ ಬೆಳ್ಳಿಯಾಗಿಬಿಡುತ್ತೆ. ಅಷ್ಟು ಸಣ್ಣ ಬೆಳ್ಳಿ ಹೊಳೆಯಲ್ಲ, ಕಪ್ಪಗೆ ಕಾಣುತ್ತೆ. ಅಂದರೆ ಅಜ್ಜಿಯ ತುರುಬಿನ ಕಪ್ಪು ಅಕ್ಷರಶಃ ಬೆಳ್ಳಿ! ಅಜ್ಜನದು ಅಗ್ಗದ ಇಂಕು. ಕಿಟಕಿ ಬಿಸಿಲು ಮತ್ತು ಮಲೆನಾಡಿನ ತೇವ ಸೇರಿ ಅದನ್ನು ತಿಂದುಹಾಕಿದ್ದವು.

ಅಜ್ಜನನ್ನೂ ಬೆಳ್ಳಿಯಲ್ಲೇ ಮಾಡಬೇಕು ಅಂತ ಆಗಲೇ ತಲೆಗೆ ಹೊಕ್ಕಿದ್ದು. ಆದರೆ ಅಜ್ಜನ ಫಿಲ್ಮ್ ಎಲ್ಲಿದೆ? ಇರೋದು ಒಂದು ಜೆಪೆಗ್ ಫೈಲು. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಅಜ್ಜ, "ಇಲ್ನೋಡಿ" ಅಂದಾಗ ತಲೆ ಎತ್ತಿ ನಕ್ಕಿದ್ದು. ಮೂಲ ಫೈಲ್ ಇದ್ದ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡುವಾಗ ಬ್ಯಾಕಪ್ ತೆಗೆದುಕೊಳ್ಳದ ಜಾಣ ನಾನೇ. ಇಡೀ ದಿನ ಬೇರೆಯವರ ಡೇಟಾ ಕಾಯೋ ಕೆಲಸ ನಂದು, ಮನೆಯದು ಹೀಗೆ. ಉಳಿದಿದ್ದು ವಾಟ್ಸ್ಆ್ಯಪ್‌ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ, ಅದು ಹಿಂಡಿ ಕುಗ್ಗಿಸಿದ ಪ್ರತಿ. 1200 ಪಿಕ್ಸೆಲ್ ಅಗಲ, 1600 ಪಿಕ್ಸೆಲ್ ಎತ್ತರ. ಅಜ್ಜಿಯ ಫೋಟೊ ಅಳೆದೆ: 6 ಇಂಚು, 8 ಇಂಚು. ಇಂಚಿಗೆ ಸರಿಯಾಗಿ 200 ಪಿಕ್ಸೆಲ್ ಸಿಗುತ್ತೆ. ಧಾರಾಳ ಅಲ್ಲ, ಆದರೆ ಸಾಲುತ್ತೆ.

ಡಿಜಿಟಲ್ ಫೈಲನ್ನು ಬೆಳ್ಳಿಯ ಕಾಗದಕ್ಕೆ ಇಳಿಸೋದು ಹೊಸದೇನಲ್ಲ. ನಿಮ್ಮ ಅಕ್ಕನ ಮದುವೆ ಆಲ್ಬಮ್ಮಿನ ಫೋಟೊಗಳು ಫ್ಯೂಜಿ ಅಥವಾ ನೊರಿಟ್ಸು ಯಂತ್ರ ಇರೋ ಕಲರ್ ಲ್ಯಾಬಿನಲ್ಲಿ ಆಗಿದ್ದರೆ, ಅವೂ ಬಹುಶಃ ಹಾಗೇ ಆದವು. ಲೇಸರ್ ಬೆಳಕಿನಲ್ಲಿ ಫೈಲನ್ನು ಫೋಟೊ ಕಾಗದದ ಮೇಲೆ ಬರೆದು, ರಾಸಾಯನಿಕದಲ್ಲಿ ತೊಳೆಯುತ್ತಾರೆ. ಕಪ್ಪುಬಿಳುಪು ಕಾಗದಕ್ಕೂ ಹೀಗೇ ಮಾಡಿಕೊಡುವ ಲ್ಯಾಬ್ ಇಂಗ್ಲೆಂಡಿನಲ್ಲಿದೆ, ಇಲ್ಫರ್ಡ್ ಹೆಸರಿನದು. ಕಳಿಸಬಹುದಿತ್ತು. ಜೀವಮಾನದಲ್ಲಿ ಶಿವಮೊಗ್ಗ ದಾಟಿದ್ದೇ ನಾಲ್ಕೈದು ಸಲ ಇರುವ ಅಜ್ಜನನ್ನು ಈಗ ವಿಮಾನ ಹತ್ತಿಸೋಕೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೈಯಿಂದಲೇ ಆಗಬೇಕಿತ್ತು ಅದು.

ಮೊದಲ ಐಡಿಯಾ ನಮ್ಮ ತಲೆಮಾರಿನದೇ. ಫೋನಿನ ಪರದೆಯೇ ಬೆಳಕು ಕೊಡುತ್ತಲ್ಲ! ಚಿತ್ರವನ್ನು ಉಲ್ಟಾ ಬಣ್ಣಕ್ಕೆ ತಿರುಗಿಸಿ, ಅಂದರೆ ಕಪ್ಪಿದ್ದದ್ದು ಬಿಳಿ, ಬಿಳಿ ಇದ್ದದ್ದು ಕಪ್ಪು ಮಾಡಿ, ಕತ್ತಲೆ ಬಚ್ಚಲಲ್ಲಿ ಫೋನನ್ನು ಕಾಗದದ ಮೇಲೆ ಬೋರಲು ಹಾಕಿದೆ. ಪರದೆಯ ಬೆಳಕು ಅತಿ ಕಡಿಮೆಗಿಟ್ಟರೂ ಒಂದೇ ಸೆಕೆಂಡಿಗೆ ಕಾಗದ ಇದ್ದಿಲಾಯಿತು. ಎರಡನೇ ಸಲ ಬೆಳಕು ಇನ್ನೂ ತಗ್ಗಿಸಿದೆ. ಸರಿ ಹೋಯ್ತು ಅನ್ನುವಷ್ಟರಲ್ಲಿ ಮೇಲಿಂದ ನೋಟಿಫಿಕೇಶನ್ ಇಳಿಯಿತು. ಪ್ರಿಂಟಿನಲ್ಲಿ ಅಜ್ಜನ ಹಣೆಗೆ ಅಡ್ಡವಾಗಿ ಕಪ್ಪು ಪಟ್ಟಿ. ಮೂರನೇ ಸಲ ಏರೋಪ್ಲೇನ್ ಮೋಡ್ ಹಾಕಿದೆ. ಕೈ ಎತ್ತಿದ ಕೂಡಲೇ ಸ್ಮಾರ್ಟ್‌ವಾಚ್ ಹೊತ್ತಿಕೊಂಡಿತು. ನಾಲ್ಕನೇ ಸಲ ಅಂತೂ ಚಿತ್ರ ಬಂತು. ಆದರೆ ಪಿಕ್ಸೆಲ್ಲಿಗೂ ಕಾಗದಕ್ಕೂ ನಡುವೆ ಫೋನಿನ ಗಾಜಿದೆ ನೋಡಿ, ಬೆಳಕು ಅಲ್ಲೇ ಹರಡಿಕೊಳ್ಳುತ್ತೆ. ಮಂಜಿನೊಳಗೆ ಯಾರೋ ಕೂತ ಹಾಗೆ. ಆ ಯಾರೋ ಅಜ್ಜನೇ ಅಂತ ನನಗೆ ಮಾತ್ರ ಗೊತ್ತು.

ಸರಿಯಾದ ದಾರಿ ಹಳೆಯದೇ. ಫಿಲ್ಮ್ ಇಲ್ಲದಿದ್ದರೆ ಫಿಲ್ಮ್ ಮಾಡಿಕೊಳ್ಳಬೇಕು. ಇದಕ್ಕೆ ಡಿಜಿಟಲ್ ನೆಗೆಟಿವ್ ಅಂತಾರೆ. ಡ್ಯಾನ್ ಬರ್ಕ್‌ಹೋಲ್ಡರ್ ಎಂಬ ಅಮೆರಿಕದ ಫೋಟೊಗ್ರಾಫರ್ 1995ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರೆ. ಚಿತ್ರವನ್ನು ಉಲ್ಟಾ ಮಾಡಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸೋದು. ಹಿಂದೆ ಕಾಲೇಜಿನಲ್ಲಿ ಲೆಕ್ಚರರ್‌ಗಳು ಪ್ರೊಜೆಕ್ಟರಿಗೆ ಹಾಕ್ತಿದ್ದರಲ್ಲ, ಅದೇ ಜಾತಿಯ ಹಾಳೆ. ಇಂಕು ಹೀರಿಕೊಳ್ಳುವ ಪದರ ಇರೋದು ಮಾತ್ರ ಆಗಬೇಕು. ಮುದ್ರಿಸಿದ ಹಾಳೆಯನ್ನು ಫೋಟೊ ಕಾಗದಕ್ಕೆ ತಾಗಿಸಿ, ಮೇಲೆ ಗಾಜು ಹೇರಿ, ಬೆಳಕು ಕೊಡಬೇಕು. ನೆಗೆಟಿವ್ ಎಷ್ಟು ದೊಡ್ಡದೋ ಫೋಟೊ ಅಷ್ಟೇ ದೊಡ್ಡದು. ಹಾಗಾಗಿ ಎನ್‌ಲಾರ್ಜರ್ ಬೇಡ. ನಾನು ಉಪಯೋಗಿಸಿದ್ದು ಝೀರೋ ಬಲ್ಬು.

ಬೆಳ್ಳಿಯ ಕಾಗದ ಈಗ ಆಮದಿನ ಮಾಲು. ಒಂದೊಂದು ಹಾಳೆಯೂ ಒಂದೊಂದು ಊಟದ ಬೆಲೆ. ಹಾಗಾಗಿ ಮೊದಲು ಕೈ ಪಳಗಿಸಿಕೊಂಡಿದ್ದು ಸಯನೋಟೈಪಿನಲ್ಲಿ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ನೀರಿನಲ್ಲಿ ಕರಗಿಸಿ ಬೆರೆಸಿ, ಡ್ರಾಯಿಂಗ್ ಹಾಳೆಗೆ ಬಳಿದು ಕತ್ತಲಲ್ಲಿ ಒಣಗಿಸಿ, ನೆಗೆಟಿವ್ ಇಟ್ಟು ತಾರಸಿಯ ಬಿಸಿಲಿಗೆ ಹಿಡಿಯೋದು. ಆಮೇಲೆ ನೀರಲ್ಲಿ ತೊಳೆದರೆ ಮುಗೀತು, ನೀಲಿ ಚಿತ್ರ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಆತ ಖಗೋಳ ವಿಜ್ಞಾನಿ. ನೆಗೆಟಿವ್, ಪಾಸಿಟಿವ್ ಅನ್ನೋ ಮಾತುಗಳನ್ನು ಫೋಟೊಗ್ರಫಿಗೆ ತಂದವನೂ ಅವನೇ. ಎಂಜಿನಿಯರುಗಳ ಬ್ಲೂಪ್ರಿಂಟ್ ಅಂದರೆ ಇದೇ ವಿಧಾನ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಆ ಪದ ಸಾವಿರ ಸಲ ಕೇಳಿದ್ದೆ, ಅದು ಯಾಕೆ ನೀಲಿ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಮಾರ್ಚ್ ಬಿಸಿಲಲ್ಲಿ ಹತ್ತು ನಿಮಿಷ ಸಾಕಾಯಿತು. ಚಂದ ಬಂತು, ಆದರೆ ತೊಳೆಯುತ್ತಾ ತೊಳೆಯುತ್ತಾ ಕಣ್ಣೆದುರೇ ನೀಲಿ ಪೇಲವವಾಗತೊಡಗಿತು. ಆ ನೀಲಿಗೆ ಕ್ಷಾರ ಆಗಿಬರಲ್ಲ; ನಮ್ಮ ಬೋರ್‌ವೆಲ್ ನೀರು ಗಡಸು. ಮೊದಲ ನೀರಿಗೆ ನಿಂಬೆಹಣ್ಣು ಹಿಂಡಿದ ಮೇಲೆ ನಿಂತಿತು. ಫಲಿತಾಂಶವನ್ನು ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದರೆ, "ಇದೇನೋ ಮಾವನ್ನ ಕೃಷ್ಣ ಮಾಡಿಟ್ಟಿದ್ದೀಯಾ" ಅಂದರು. ಒಂದು ಕ್ಷಣ ಬಿಟ್ಟು, "ಅಂಗಿ ಜೇಬು ಯಾಕೆ ಬಲಕ್ಕಿದೆ?" ಹೌದು. ಹಾಳೆಯ ಇಂಕಿನ ಮುಖ ಕಾಗದಕ್ಕೆ ತಾಗಬೇಕಾದ್ದರಿಂದ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿಯೇ ಮುದ್ರಿಸಬೇಕು. ಮರೆತಿದ್ದೆ.

ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಅಜ್ಜನ ಮುಖದ ಸುಕ್ಕುಗಳೆಲ್ಲ ಮಾಯ. ಕೆನ್ನೆ ಬಿಳಿ ಹಪ್ಪಳ, ಕಣ್ಣು ಎರಡು ಗುಂಡಿ. ಪರದೆಯ ಮೇಲೆ ಕಾಣೋ ಬೂದುಬಣ್ಣಗಳನ್ನು ಕಾಗದ ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳುತ್ತೆ. ಇಲ್ಲಿ ಮಾತ್ರ ನನ್ನ ಉದ್ಯೋಗ ಉಪಯೋಗಕ್ಕೆ ಬಂತು.

ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ. "ಹತ್ತು ನಿಮಿಷದಲ್ಲಿ ಬಂದೆ" ಅಂದರೆ ಮುಕ್ಕಾಲು ಗಂಟೆ. ಹಾಗಾಗಿ ಏಳು ಗಂಟೆಯ ಕಾರ್ಯಕ್ರಮಕ್ಕೆ ಅವರಿಗೆ ಆರೂಕಾಲು ಅಂತ ಹೇಳೋದು ಮನೆಯ ಪದ್ಧತಿ. ಫೋಟೊ ಕಾಗದದ ಜೊತೆಗೂ ಅದೇ ವ್ಯವಹಾರ. ಬಿಳಿಯಿಂದ ಕಪ್ಪಿನ ತನಕ 21 ಮೆಟ್ಟಿಲಿನ ಒಂದು ಪಟ್ಟಿ ಮುದ್ರಿಸಿ, ಅದರಿಂದ ಪ್ರಿಂಟ್ ಮಾಡಿ, ಸ್ಕ್ಯಾನ್ ಮಾಡಿ ನೋಡಿದೆ. ಅರ್ಧ ಬೂದು ಕೇಳಿದ ಕಡೆ ಕಾಗದ ಮುಕ್ಕಾಲು ಕಪ್ಪು ಕೊಟ್ಟಿತ್ತು. ಕೊನೆಯ ಆರು ಮೆಟ್ಟಿಲು ಒಂದೇ ಕಪ್ಪು. ಹಾಗಾದರೆ ಅರ್ಧ ಸಿಗಬೇಕಾದರೆ ಎಷ್ಟು ಕೇಳಬೇಕು? ಈ ಹಿಮ್ಮುಖ ಲೆಕ್ಕಕ್ಕೆ ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದೆ. ಅದು ಹೇಳಿದ ಹಾಗೆ ಫೈಲನ್ನು ತಿದ್ದಿ ಹೊಸ ನೆಗೆಟಿವ್ ಮಾಡಿದರೆ ಸುಕ್ಕುಗಳು ವಾಪಸ್ ಬಂದವು. ಕಾಗದ ಬದಲಾದರೆ, ಇಂಕ್ ಬದಲಾದರೆ, ಕಡೆಗೆ ಬಲ್ಬ್ ಬದಲಾದರೂ ಮತ್ತೆ ಮೊದಲಿಂದ ಲೆಕ್ಕ. ಬೆಳ್ಳಿಯ ಕಾಗದಕ್ಕೆ ಮೂರು ಸಲ ಮಾಡಿದೆ.

ಇನ್ನು ಡಾರ್ಕ್‌ರೂಮ್. ಬಾಡಿಗೆ ಮನೆಯ ಬಚ್ಚಲಿನ ಕಿಟಕಿಗೆ ಕಪ್ಪು ರಟ್ಟು, ಬಾಗಿಲ ಸಂದಿಗೆ ಹಳೇ ಟವೆಲ್, ಕಮೋಡಿನ ಮೇಲೆ ಹಲಗೆ. ಕೆಂಪು ಬಲ್ಬು. ಅಂಗಡಿಯಲ್ಲಿ ಸಿಗೋ ಎಲ್ಲ ಕೆಂಪು ಬಲ್ಬೂ ನಂಬಿಕಸ್ಥ ಅಲ್ಲ. ಕಾಗದದ ತುಂಡಿನ ಮೇಲೆ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ; ನಾಣ್ಯದ ಗುರುತು ಮೂಡಿದರೆ ಬಲ್ಬು ಸುಳ್ಳು ಹೇಳ್ತಿದೆ ಅಂತ ಅರ್ಥ. ನನ್ನ ಮೊದಲ ಬಲ್ಬು ಹೇಳ್ತಿತ್ತು. ಮೂರು ಟ್ರೇ: ಡೆವಲಪರ್, ವಿನೆಗರ್ ಬೆರೆಸಿದ ನೀರು, ಹೈಪೋ. ಈ ಟ್ರೇಗಳು ಮತ್ತೆ ಅಡುಗೆಮನೆಗೆ ಹೋಗಕೂಡದು, ಇದರಲ್ಲಿ ರಾಜಿ ಬೇಡ. ಹಳೇ ಹೈಪೋದಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಮೋರಿಗೂ ಚೆಲ್ಲಬಾರದು. ಕ್ಯಾನಿನಲ್ಲಿ ತುಂಬಿ ಸ್ಟೀಲ್ ವುಲ್ ಮುಳುಗಿಸಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ಕೆಳಗೆ ಕೂರುತ್ತೆ. ಡೆವಲಪರ್ 20 ಡಿಗ್ರಿಯಲ್ಲಿರಬೇಕು ಅನ್ನುತ್ತೆ ಪೊಟ್ಟಣ. ಏಪ್ರಿಲ್‌ನಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರು ಸ್ನಾನಕ್ಕೆ ಗೀಸರ್ ಬೇಡ ಅನ್ನುವಷ್ಟು ಬೆಚ್ಚಗೆ. ಬೆಳಗಿನ ಜಾವ ಐದಕ್ಕೆ ಎದ್ದು, ಐಸ್ ತುಂಬಿದ ಕವರನ್ನು ಟ್ರೇಯಲ್ಲಿ ತೇಲಿಬಿಟ್ಟು ಕೆಲಸ ಮಾಡಿದೆ.

ಖಾಲಿ ಬಿಳಿ ಕಾಗದ. ಕೆಂಪು ಬೆಳಕು. ಟ್ರೇಯನ್ನು ಮೆಲ್ಲಗೆ ತೂಗುತ್ತಿದ್ದರೆ ಇಪ್ಪತ್ತು ಸೆಕೆಂಡಿನ ಹೊತ್ತಿಗೆ ಮೊದಲು ಮೂಡಿದ್ದು ಹುಬ್ಬು. ಆಮೇಲೆ ಕಣ್ಣು. ಸುಲಿದ ಅಡಿಕೆಯ ರಾಶಿ. ಕಡೆಗೆ ನಗು. ಎರಡು ವರ್ಷದಿಂದ ಫೋನಲ್ಲಿ ಬೆರಳಲ್ಲಿ ಸರಿಸಿ ಮುಂದೆ ಹೋಗ್ತಿದ್ದ ಅದೇ ಚಿತ್ರ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತೆ ಅಂತ ಆಫೀಸಲ್ಲಿ ಯಾರಿಗೂ ಹೇಳಿಲ್ಲ, ಈಗ ನಿಮಗೆ ಹೇಳಿದೆ.

ಅತ್ತ ಮಾತ್ರಕ್ಕೆ ಪ್ರಿಂಟ್ ಚೆನ್ನಾಗಿತ್ತು ಅಂತ ಅಲ್ಲ. ಅಜ್ಜಿಯ ಪಕ್ಕ ನಿಲ್ಲೋ ಹಾಗಿರಲಿಲ್ಲ. ಏನು ಕಡಿಮೆ ಅಂತ ನನಗೆ ತಿಳಿಯಲಿಲ್ಲ. ಅದನ್ನು ಹಿಡಿದುಕೊಂಡು, ಜೊತೆಗೆ ಅಜ್ಜಿಯ ಫೋಟೊವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, ಶಿವಮೊಗ್ಗದಲ್ಲಿ ಹಿಂದೆ ಸ್ಟುಡಿಯೊ ನಡೆಸುತ್ತಿದ್ದ ಹಿರಿಯರೊಬ್ಬರ ಹತ್ತಿರ ಹೋದೆ. ಅವರ ಡಾರ್ಕ್‌ರೂಮ್ ಈಗ ಮಗನ ಜೆರಾಕ್ಸ್ ಅಂಗಡಿಯ ಗೋದಾಮು. ಅಜ್ಜಿಯ ಫೋಟೊ ಹಿಂಬದಿ ತಿರುಗಿಸಿ ಕಾಗದ ಸವರಿ, "ಊಟಿಯ ಇಂದು ಪೇಪರ್ ಇರಬೇಕು, ನಾವೂ ಅದನ್ನೇ ತರಿಸ್ತಿದ್ವಿ" ಅಂದರು. ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಊಟಿಯಲ್ಲಿತ್ತು. ಇಂದು ಅನ್ನೋದು ಅದರ ಬ್ರ್ಯಾಂಡು. ಈಗ ಮುಚ್ಚಿದೆ.

ನನ್ನ ಪ್ರಿಂಟ್ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಬೆಳಕು ಎಲ್ಲಿಂದ ಬರ್ತಿದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ನೋಡಿದರೆ ಎಲ್ಲಿಂದಲೂ ಬರ್ತಿರಲಿಲ್ಲ. ಈಗಿನ ಫೋನುಗಳು ಒಂದು ಫೋಟೊಗೆ ಹಲವು ಫ್ರೇಮ್ ತೆಗೆದು ಬೆಸೆಯುತ್ತವೆ. ಕತ್ತಲಿದ್ದ ಕಡೆ ಬೆಳಕು ತುಂಬಿ, ಬೆಳಕಿದ್ದ ಕಡೆ ತಗ್ಗಿಸಿ, ಎಲ್ಲವನ್ನೂ ಸಮ ಮಾಡಿಬಿಡುತ್ತವೆ. ಪರದೆಯಲ್ಲಿ ಅದು ಚಂದ. ಕಾಗದದ ಮೇಲೆ ಅಜ್ಜ, ಗೋಡೆ, ಅಡಿಕೆ, ಹಿಂದಿನ ನೀಲಿ ಡ್ರಮ್ಮು ಎಲ್ಲಕ್ಕೂ ಒಂದೇ ಮರ್ಯಾದೆ. ಅಜ್ಜಿಯ ಫೋಟೊದಲ್ಲಿ ನೋಡಿದರೆ ಬೆಳಕು ಎಡಗಡೆ ಮೇಲಿಂದ, ಮೂಲೆಗಳು ಕತ್ತಲು. "ಅದು ಕ್ಯಾಮೆರಾದಲ್ಲಿ ಬಂದಿದ್ದಲ್ಲ. ಪ್ರಿಂಟ್ ಮಾಡುವಾಗ ಮುಖಕ್ಕೆ ಕೈ ಅಡ್ಡ ಹಿಡಿದು, ಮೂಲೆಗೆ ಇನ್ನಷ್ಟು ಬೆಳಕು ಕುಡಿಸಿರ್ತಾರೆ" ಅಂದರು. ಬೆಳಕು ಹೆಚ್ಚು ಕುಡಿದ ಕಡೆ ಕಾಗದ ಕಪ್ಪಾಗುತ್ತೆ. ಆಮೇಲೆ ಭೂತಗನ್ನಡಿ ಹಿಡಿದು, "ನೆಗೆಟಿವ್ ಮೇಲೆ ಪೆನ್ಸಿಲ್ ಕೆಲಸಾನೂ ಆಗಿದೆ. ಕೆನ್ನೆ ನೋಡಿ."

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಅಜ್ಜಿಯ ಬಲಗೆನ್ನೆಯಲ್ಲಿ ಏನಿತ್ತು? "ಮಚ್ಚೆ ಇತ್ತು, ಕಡಲೆ ಗಾತ್ರದ್ದು. ಯಾಕೆ?" ಮೂವತ್ತು ವರ್ಷ ದಿನಾ ನೋಡಿದ ಮುಖದಲ್ಲಿ ಆ ಮಚ್ಚೆ ಇಲ್ಲ. ಸ್ಟುಡಿಯೊದವರು ಚಂದಗಾಣಲಿ ಅಂತ ಅಳಿಸಿದ್ದರು. ಫಿಲ್ಟರ್ ಹಾಕೋದು ನಮ್ಮ ಕಾಲದ ರೋಗ ಅಂದುಕೊಂಡಿದ್ದೆ. ಅಳಿಯದ ಬೆಳ್ಳಿಯಲ್ಲೇ ಕೂತಿದೆ ಆ ಸುಳ್ಳು.

ಅದೇ ಫೋನಲ್ಲಿ ಇನ್ನೊಂದು ಕೇಳಿದೆ. ದೀಪಾವಳಿ ಹೊತ್ತಿಗೆ ಬೆಳಗ್ಗೆ ಜಗಲಿಗೆ ಬೆಳಕು ಎಲ್ಲಿಂದ ಬೀಳುತ್ತೆ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂಗಳದ ಕಡೆಯಿಂದ. ಮೊದಲು ಹಲಸಿನ ಮರ ಇತ್ತಲ್ಲ, ಅದು ಬಿದ್ದ ಮೇಲೆ ನೇರ ಅಪ್ಪಯ್ಯನ ಮುಖಕ್ಕೇ ಬೀಳ್ತಿತ್ತು. ಕಣ್ಣು ಕಿರಿದು ಮಾಡ್ಕೊಂಡೇ ಅಡಿಕೆ ಸುಲೀತಿದ್ರು, ಜಾಗ ಮಾತ್ರ ಬಿಡ್ತಿರಲಿಲ್ಲ." ಆಗ ನೆನಪಾಯಿತು. ಅಜ್ಜನ ನಗುವಿನಲ್ಲಿ ಕಣ್ಣು ಅಷ್ಟು ಸಣ್ಣದಾಗಿದ್ದು ನನ್ನ ನೋಡಿ ಮಾತ್ರ ಅಲ್ಲ.

ಬೆಂಗಳೂರಿಗೆ ಬಂದು ಕಡೆಯ ಪ್ರಿಂಟಿಗೆ ಕೂತೆ. ಅಭ್ಯಾಸ ಮಾಡಿದ್ದೆಲ್ಲ ಪ್ಲಾಸ್ಟಿಕ್ ಲೇಪದ ಕಾಗದದಲ್ಲಿ. ಈಗ ಫೈಬರ್ ಕಾಗದ, ಅಜ್ಜಿಯದರ ಹಾಗೆ. ಫೈಲನ್ನು ಕಾಗದಕ್ಕೆ ಹೊಂದಿಸಿ ಎಳೆದಾಗ ಬಿಳಿ ಅಂಗಿಯಲ್ಲಿ ಸಣ್ಣ ಸಣ್ಣ ಚೌಕ ಕಂಡವು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ ಹಿಂಡುತ್ತೆ, ಅದರ ಗಾಯ ಇದು. ಅದರ ಮೇಲೆ ತೆಳ್ಳಗೆ ಕೃತಕ ಗ್ರೇನ್ ಉದುರಿಸಿದೆ. ಇಲ್ಲದ್ದನ್ನು ಸೇರಿಸೋದು ಸರಿಯಾ ಅಂತ ಅನ್ನಿಸಿತು. ಮಚ್ಚೆ ಅಳಿಸಿದ್ದಕ್ಕಿಂತ ವಾಸಿ ಅಂದುಕೊಂಡು ಮುಂದುವರಿದೆ. ನೀಲಿ ಡ್ರಮ್ಮನ್ನು ಕಂಪ್ಯೂಟರಿನಲ್ಲಿ ಅಳಿಸಲಿಲ್ಲ. ಝೀರೋ ಬಲ್ಬಿನ ಕೆಳಗೆ ಅಜ್ಜನ ಮುಖಕ್ಕೆ ಅಂಗೈ ಅಡ್ಡ ಹಿಡಿದು, ಜಗಲಿಯ ಒಳಮೂಲೆಗೆ ಇನ್ನೂ ಹನ್ನೆರಡು ಸೆಕೆಂಡ್ ಬೆಳಕು ಕುಡಿಸಿದೆ. ಡ್ರಮ್ಮು ಇದೆ, ಆದರೆ ನೆರಳಿಗೆ ಸರಿದು ಕೂತಿದೆ. ಬೆಳಕು ಅಂಗಳದ ಕಡೆಯಿಂದ ಬರ್ತಿದೆ.

ಹನ್ನೊಂದನೇ ಹಾಳೆ ಸರಿ ಬಂತು. ಅನ್ನಿಸಿತು, ಅಷ್ಟೇ, "ಒದ್ದೆ ಇರುವಾಗ ಚಂದ ಕಂಡರೆ ನಂಬಬೇಡಿ, ಒಣಗಿದರೆ ಒಂದು ಸುತ್ತು ಕಪ್ಪಾಗುತ್ತೆ" ಅಂತ ಹಿರಿಯರು ಎಚ್ಚರಿಸಿದ್ದರು. ಹಾಗೇ ಆಯಿತು. ಹನ್ನೆರಡನೆಯದಕ್ಕೆ ಎರಡು ಸೆಕೆಂಡ್ ಕಡಿಮೆ ಮಾಡಿದೆ. ಫೈಬರ್ ಕಾಗದವನ್ನು ಒಂದು ಗಂಟೆ ತೊಳೆಯಬೇಕು, ಹೈಪೋ ಉಳಿದರೆ ಮುಂದೆ ಕಲೆ ಬೀಳುತ್ತೆ. ಟ್ಯಾಂಕರ್ ನೀರಿನ ಊರಲ್ಲಿ ನಲ್ಲಿ ಬಿಟ್ಟು ಕೂರೋಕೆ ಮನಸ್ಸು ಬರದೆ, ಐದೈದು ನಿಮಿಷಕ್ಕೆ ಟ್ರೇ ನೀರು ಬದಲಿಸಿದೆ, ಹನ್ನೆರಡು ಸಲ. ಒಣಗಿದಾಗ ಕರಿದ ಸಂಡಿಗೆಯ ಹಾಗೆ ಸುರುಳಿಯಾಯಿತು. ಎಂಜಿನಿಯರಿಂಗ್ ಪಠ್ಯಪುಸ್ತಕಗಳಷ್ಟನ್ನೂ ಅದರ ಮೇಲೆ ಹೇರಿ ಎರಡು ದಿನ ಬಿಟ್ಟೆ. ಅವು ಇಷ್ಟು ದಿನಕ್ಕೆ ಒಂದು ಕೆಲಸಕ್ಕೆ ಬಂದವು.

ಜೂನ್ ಮೊದಲ ವಾರ ಊರಿಗೆ ತಗೊಂಡು ಹೋದೆ. ಮಳೆ ಆಗಲೇ ಹಿಡಿದಿತ್ತು. ತೇವಕ್ಕೆ ಜಿಲೆಟಿನ್ ಗಾಜಿಗೆ ಅಂಟಿಕೊಳ್ಳದಿರಲಿ ಅಂತ ನಡುವೆ ರಟ್ಟಿನ ಅಂಚು ಕೊಡಿಸಿ ಕಟ್ಟು ಹಾಕಿಸಿದ್ದೆ. ಅಪ್ಪ ಹಳೇ ಮೊಳೆಗೇ ತೂಗುಹಾಕಿ ಹಿಂದೆ ಸರಿದು ನೋಡಿದರು. ಅಜ್ಜಿಯದು ಕೊಂಚ ಕಂದು ಛಾಯೆ, ಅಜ್ಜನದು ತಣ್ಣನೆ ಕಪ್ಪು. ಪೂರ್ತಿ ಜೋಡಿ ಅಲ್ಲ. ನಾನು ಅದನ್ನು ವಿವರಿಸೋಕೆ ಬಾಯಿ ತೆಗೆಯುವಷ್ಟರಲ್ಲಿ ಅಪ್ಪ, "ಹಲಸಿನ ಮರ ಬಿದ್ದ ವರ್ಷ" ಅಂದರು. ಅಷ್ಟೇ. ಮತ್ತೆ ಕೆಳಗಿಳಿಸಿ, ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಅದನ್ನೇ ಬರೆದು, ಮತ್ತೆ ತೂಗುಹಾಕಿದರು.

ಸಂಜೆ ಅತ್ತೆಯ ಫೋನು ಬಂತು, ಅಪ್ಪ ಹೇಳಿರಬೇಕು. "ನಂಗೂ ಒಂದು ಕಳ್ಸೋ." ಫೋಟೊದ್ದು ಫೋಟೊ ತೆಗೆದು ಗ್ರೂಪಿಗೆ ಹಾಕಲಾ, ಪ್ರಿಂಟೇ ಬೇಕಾ ಅಂತ ಕೇಳಿದೆ. ಎರಡೂ ಬೇಕಂತೆ. ಕಾಗದ ಇನ್ನು ಹದಿಮೂರು ಹಾಳೆ ಉಳಿದಿದೆ. ನೆಗೆಟಿವ್ ಡೈರಿಯ ನಡುವೆ ಇದೆ. ಬರುವ ಶನಿವಾರ ಬೆಳಗ್ಗೆ ಐದಕ್ಕೆ ಏಳಬೇಕು.